ನಾಲ್ಕು ಬೆರಳು ಎತ್ತರದ ಸೈಕಲ್ಲು

ನನ್ನ ಗಂಡ ನನಗಿಂತ ಅರ್ಧ ಗೇಣು ಕುಳ್ಳ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವರಂತೂ ಒಪ್ಪುತ್ತಲೇ ಇರಲಿಲ್ಲ. ನಾನು ಈಗ ಹೇಳಲೇಬೇಕಾಗಿದೆ. ಅವರಿಗೆ ಸೈಕಲ್ಲು ಕೊಂಡ ಕಥೆ ಶುರುವಾಗುವುದೇ ಅಲ್ಲಿಂದ.

ಹೊಸದುರ್ಗದ ಸರ್ಕಾರಿ ಶಾಲೆಯಲ್ಲಿ ಅವರು ಮೇಷ್ಟ್ರು. ಮದುವೆಯಾದ ಎರಡನೇ ವರ್ಷ ಮಾಡದಕೆರೆ ದಾರಿಯ ಒಂದು ಹಳ್ಳಿಗೆ ವರ್ಗವಾಯಿತು. ಹೋಗುವುದು ಎರಡು ಹರದಾರಿ, ಬರುವುದು ಎರಡು ಹರದಾರಿ. ದಿನಾ ನಡೆಯುವ ಮಾತಲ್ಲ. ನಮ್ಮ ಅತ್ತೆಗೆ ಕಣ್ಣು ಮಂಜು, ಆಕೆಯನ್ನು ಬಿಟ್ಟು ನಾನು ಹೊರಡುವಂತಿರಲಿಲ್ಲ.

"ಅಲ್ಲೇ ಒಂದು ಕೋಣೆ ಹಿಡೀತೀನಿ, ಭಾನುವಾರ ಬಂದು ಹೋಗ್ತೀನಿ" ಎಂದು ಅವರು ಸಲೀಸಾಗಿ ಹೇಳಿಬಿಟ್ಟರು. ಶಾಲೆ ಬಿಟ್ಟು ಬಂದು ಜಗಲಿಯ ಮೇಲೆ ಕೂತು ಅವರು ನನಗೆ ಅಕ್ಷರ ಕಲಿಸುತ್ತಿದ್ದ ಕಾಲ ಅದು. ಒತ್ತಕ್ಷರದವರೆಗೆ ಬಂದಿದ್ದೆ. ಒತ್ತಕ್ಷರ ಹಾಳಾಗಲಿ, ನನಗೆ ಸಂಜೆಗೆ ಗಂಡ ಮನೆಯಲ್ಲಿರಬೇಕಿತ್ತು.

"ಸೈಕಲ್ಲು ತಗಳಾಣ" ಎಂದೆ.

"ನಮ್ಮಂಥೋರಿಗೆ ಸೈಕಲ್ಲೇನೇ!" ಎಂದು ನಕ್ಕರು. ಚಿತ್ರದುರ್ಗದಲ್ಲಿ ಓದುವಾಗ ಬಾಡಿಗೆ ಸೈಕಲ್ಲು ತುಳಿದು ಕಲಿತವರೇ. ನಾನು ಬಿಡಲಿಲ್ಲ. ಬೆಣ್ಣೆ ಮಾರಿ ಕೂಡಿಟ್ಟದ್ದು ಅಷ್ಟಿತ್ತು, ತವರೂರು ತಾಳ್ಯದಿಂದ ಅಪ್ಪ ಎರಡು ಕಂಬಳಿ ಮಾರಿ ಇಷ್ಟು ಕೊಟ್ಟ. ಆ ದುಡ್ಡಿನಲ್ಲಿ ಹೊಸ ಸೈಕಲ್ಲಿನ ಮುಖ ನೋಡುವಂತಿರಲಿಲ್ಲ. ಪೇಟೆಯ ಸೈಕಲ್ ಮೇಸ್ತ್ರಿಯ ಹತ್ತಿರ ಹಳೆಯವು ಮೂರು ಇದ್ದವು.

"ಚೆಂದ ನೋಡಬ್ಯಾಡ್ರಿ ತಾಯಿ, ಅಳತೆ ನೋಡ್ರಿ. ಸೈಕಲ್ಲು ಚಪ್ಲಿ ಇದ್ದಂಗೆ. ಮೇಷ್ಟ್ರನ್ನ ಕಳಿಸ್ರಿ, ನಿಲ್ಲಿಸಿ ನೋಡಾಣ" ಎಂದ ಮೇಸ್ತ್ರಿ.

ಮೇಷ್ಟ್ರು ಹೋಗುವುದುಂಟೇ? ನಡುಪೇಟೆಯಲ್ಲಿ, ಮಕ್ಕಳ ಅಪ್ಪಂದಿರ ಎದುರು, ಕಾಲಗಲಿಸಿ ನಿಂತು ಅಳತೆ ಕೊಡುವುದೇ? "ನೀನೇ ತಗಂಬಾ" ಎಂದರು. ಸರಿ, ಮನೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ತೊಡೆಸಂದಿನಿಂದ ಹಿಮ್ಮಡಿಯವರೆಗೆ ಉಣ್ಣೆಯ ನೂಲು ಹಿಡಿದು ಅಳೆದೆ. ಮಹಾನುಭಾವರು ಸೂರು ನೋಡುತ್ತಾ ನಿಂತಿದ್ದರು.

ನನ್ನ ತವರಿನವರು ಕುರಿ ಸಾಕಿ ಕಂಬಳಿ ನೇಯುವವರು. ಕಂಬಳಿ ನೀರು ಕಂಡರೆ ಕುಗ್ಗುತ್ತದೆ. ಅದಕ್ಕೇ ಅಳತೆ ಎಷ್ಟೇ ಬರಲಿ, ಅದರ ಮೇಲೆ ನಾಲ್ಕು ಬೆರಳು ಸೇರಿಸಿ ನೂಲಿಗೆ ಗಂಟು ಹಾಕುವುದು ನಮ್ಮ ರೂಢಿ. ಚಿಕ್ಕಂದಿನಿಂದ ಹಾಕಿದ ಗಂಟು, ಆವತ್ತೂ ಕೈ ತಾನಾಗಿ ಹಾಕಿತು. ಕಬ್ಬಿಣ ಕುಗ್ಗುವುದಿಲ್ಲ, ಗಂಡನ ಕಾಲು ಬೆಳೆಯುವುದಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಮೇಸ್ತ್ರಿ ನೂಲು ಹಿಡಿದು ನೋಡಿ, "ಮೇಷ್ಟ್ರು ಕಾಣೋದಕ್ಕಿಂತ ಎತ್ರ ಅದಾರೆ ಬಿಡ್ರಿ" ಎಂದ. ನಾನು ಉಬ್ಬಿಹೋದೆ. ಮೂರರಲ್ಲಿ ಎತ್ತರದ್ದನ್ನು, ಕಪ್ಪಗೆ ಹೊಳೆಯುವುದನ್ನು ಮನೆಗೆ ತಂದೆ.

ಅವರು ಜಗಲಿಯ ಮೇಲಿಂದ ಸೈಕಲ್ ಹತ್ತಿ ಹೊರಟರು.

"ಹೆಂಗೈತ್ರಿ?" ಎಂದು ಕೂಗಿದೆ.

"ಹೇಳಿ ಮಾಡಿಸ್ದಂಗೈತೆ!"

ಒಂದು ತಿಂಗಳು ದಿನಾ ಸಂಜೆ ಮನೆಗೆ ಬಂದರು. ಹತ್ತುವುದು ಇಳಿಯುವುದು ಮಾತ್ರ ಜಗಲಿಯ ಹತ್ತಿರವೇ. ಸೀಟನ್ನು ತಳಮುಟ್ಟ ಇಳಿಸಿದ್ದರು. ತೊಡೆಗೆ ಬಿಸಿ ಹರಳೆಣ್ಣೆ ಕೇಳುತ್ತಿದ್ದರು. ರಸ್ತೆ ಸರಿಯಿಲ್ಲ ಎನ್ನುತ್ತಿದ್ದರು, ನಾನೂ ಅವರ ಜೊತೆ ಸೇರಿ ರಸ್ತೆಯನ್ನು ಬೈಯುತ್ತಿದ್ದೆ.

ಒಂದು ಸಂಜೆ ತೋಟದಿಂದ ಹುಲ್ಲುಹೊರೆ ಹೊತ್ತು ಬರುತ್ತಿದ್ದೆ. ಊರ ಹೊರಗೆ ರಸ್ತೆ ತುಂಬ ಕುರಿ. ಆಚೆಯಿಂದ ನಮ್ಮವರ ಸೈಕಲ್ಲು ಬಂತು. ಬೇರೆಯವರಾಗಿದ್ದರೆ ಇಳಿದು ನಿಲ್ಲುತ್ತಿದ್ದರು. ಇವರು ಪಕ್ಕದ ಬೀಳು ಹೊಲಕ್ಕೆ ಇಳಿಸಿ, ಗಂಟೆ ಬಾರಿಸುತ್ತಾ ಸುತ್ತತೊಡಗಿದರು. ಒಂದು ಸುತ್ತು, ಎರಡು ಸುತ್ತು.

"ಇಳೀರಿ ಮೇಷ್ಟ್ರೇ, ಕುರಿ ಬೆದರ್ತಾವೆ!" ಎಂದು ಕುರಿಯವನು ಕೂಗಿದ.

"ಇಳಿಯಾಕಾಗಲ್ಲಪ್ಪ!" ಎಂದರು ನನ್ನ ಗಂಡ. ಮೂರನೇ ಸುತ್ತಿಗೆ ಸೈಕಲ್ಲಿನ ಸಮೇತ ಮಗುಚಿಕೊಂಡರು.

ನಾನು ಹೊರೆ ಕೆಳಗೆ ಹಾಕಿ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಹತ್ತಿರ ಹೋಗಿ ನೋಡಿದೆ. ಅವರು ಎದ್ದು, ಸೈಕಲ್ಲನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಕಲ್ಲಿನ ಮೇಲಿಂದ ಹತ್ತುತ್ತಿದ್ದರು. ಒಂದು ಕಾಲು ಕಲ್ಲಿನ ಮೇಲಿತ್ತು, ಇನ್ನೊಂದು ನೆಲ ಮುಟ್ಟದೆ ನೇತಾಡುತ್ತಿತ್ತು. ನಾಲ್ಕೇ ಬೆರಳು, ನಾನು ನೂಲಿಗೆ ಸೇರಿಸಿ ಗಂಟು ಹಾಕಿದ್ದಷ್ಟೇ. ನನ್ನ ನಗು ನಿಂತುಹೋಯಿತು.

ಮಾರನೆಯ ದಿನ ಭಾನುವಾರ. ಅವರನ್ನು ಎಳೆದುಕೊಂಡೇ ಪೇಟೆಗೆ ಹೋದೆ. ಉಳಿದಿದ್ದರಲ್ಲಿ ಗಿಡ್ಡದರ ಬಣ್ಣ ಹೋಗಿತ್ತು, ಗಂಟೆ ಇರಲಿಲ್ಲ. ಅದರ ಮೇಲೆ ಅವರನ್ನು ಕೂರಿಸಿದೆ. ಎರಡೂ ಪಾದ ನೆಲಕ್ಕೆ ಮುಟ್ಟಿದವು. ಅಂಗಡಿ ಮುಂದೆ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದ ಮೇಲೆ ಯಾರೂ ನಗಲಿಲ್ಲ. ಮೇಸ್ತ್ರಿ ಹೆಚ್ಚು ಕಾಸು ಕೇಳದೆ ಬದಲಿಸಿಕೊಟ್ಟ.

ಅವರು ಸೈಕಲ್ಲು ತಳ್ಳಿಕೊಂಡು ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಸಿಟ್ಟು ತಡೆಯಲಿಲ್ಲ. "ಮೊದಲ್ನೇ ದಿನಾನೇ ಹೇಳಬಾರದಿತ್ತೇನ್ರಿ? ತಿಂಗಳೆಲ್ಲ ಯಾಕೆ ನೋವು ತಿಂದ್ರಿ?" ಎಂದೆ.

"ಹೇಳಿದ್ರೆ ನೀನು ಅವತ್ತೇ ವಾಪಸ್ ಕೊಡ್ತಿದ್ದೆ. ಅವನು ಬದ್ಲಿ ಕೊಡದಿದ್ರೆ? ನಾನು ಆ ಹಳ್ಳೀಲಿ ಒಬ್ನೇ ಇರಬೇಕಾಗ್ತಿತ್ತಲ್ಲೇ" ಎಂದರು.

ಇಷ್ಟು ದಿನ ನಾನು, ಅವರಿಗೆ ಆ ಕೋಣೆಯೇ ಬೇಕಾಗಿತ್ತು, ಸಂಜೆ ಜೊತೆಗಿರುವ ಆಸೆ ನನಗೊಬ್ಬಳಿಗೇ ಎಂದುಕೊಂಡು ಒಳಗೊಳಗೇ ನಾಚಿಕೊಂಡಿದ್ದೆ. ನಡುಬೀದಿಯಲ್ಲಿ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ನೋಡುವವರು ನೋಡಲಿ ಎಂದು, ಅವರ ಪಕ್ಕಕ್ಕೆ ಹೋಗಿ ಜೊತೆಯಲ್ಲೇ ನಡೆದೆ.