ಅಕ್ಕನ ಖೋಲಿಯ ಹಳದಿ

ನಾನು ಚಿಕ್ಕವನಿದ್ದಾಗ ಬಸವಕಲ್ಯಾಣದ ನಮ್ಮ ಮನೆಗೆ ಒಂದೇ ಬಣ್ಣ ಗೊತ್ತಿತ್ತು, ಬಿಳಿ. ವರ್ಷಕ್ಕೊಮ್ಮೆ ಪಂಚಮಿ ಹಬ್ಬದ ಮುಂಚೆ ಅಪ್ಪ ಸುಣ್ಣದ ಕಲ್ಲು ತಂದು ಹಿತ್ತಲಿನ ಹಳೆಯ ಗಡಿಗೆಗೆ ಹಾಕಿ ನೀರು ಸುರಿಯುತ್ತಿದ್ದ. ಬೆಂಕಿ ಇಲ್ಲದೆಯೇ ಗಡಿಗೆ ಕೊತಕೊತ ಕುದಿಯುತ್ತಿತ್ತು. ಆ ಬಿಸಿ ಹಬೆಯ ವಾಸನೆ ಮೂಗಿಗೆ ಬಂತೆಂದರೆ ಹಬ್ಬ ಬಂತು ಅಂತಲೇ ಲೆಕ್ಕ. ಅದು ನನ್ನ ಕಣ್ಣಿಗೆ ಸಿಡಿದು ನಾನು ಕುರುಡನಾದರೆ ಶಾಲೆಗೆ ಹೇಗೆ ಹೋಗುವುದು ಎಂದು ಯೋಚಿಸುತ್ತ ನಾನು ಮಾತ್ರ ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಚಿಂತೆ ಮಾಡುವ ಕಲೆ ನನಗೆ ಹುಟ್ಟಿನಿಂದಲೇ ಬಂದದ್ದು. ಯಾರೂ ಕಲಿಸಲಿಲ್ಲ.

ಮನೆಯಲ್ಲಿ ನಾವು ಮೂವರೇ. ಅವ್ವ ನನಗೆ ನೆನಪೇ ಇಲ್ಲದಷ್ಟು ಮೊದಲು ತೀರಿಹೋಗಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಅಂಗಿಯ ಗುಂಡಿ ಹೊಲಿದವಳು, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಸುರುಳಿ ಸುತ್ತಿ ಕೊಟ್ಟವಳು, ಎಲ್ಲ ಅಕ್ಕ. ನನಗೆ ಒಂಬತ್ತು ವರ್ಷವಾದಾಗ ಅಕ್ಕನಿಗೆ ಹುಮನಾಬಾದಿನಲ್ಲಿ ಗಂಡು ಗೊತ್ತಾಯಿತು. ಬಸ್ಸಿನಲ್ಲಿ ಹೋದರೆ ಒಂದು ತಾಸಿನ ದಾರಿ. ನನಗೆ ಅದು ಭೂಮಿಯ ಆ ಕೊನೆ.

ಮದುವೆಗೆ ಮುಂಚೆ ಮನೆಗೆಲ್ಲ ಸುಣ್ಣ ಹಚ್ಚುವಾಗ ಅಪ್ಪ ಎಂದೂ ಕೇಳದ ಒಂದು ಮಾತು ಕೇಳಿದ. ನಿನ್ನ ಖೋಲಿಗೆ ಯಾವ ಬಣ್ಣ ಬೇಕು ಹೇಳು ಎಂದ. ಖೋಲಿ ಅಂದರೆ ಕೋಣೆ. ಅಕ್ಕನ ಖೋಲಿ ಎಂದರೆ ನಾವಿಬ್ಬರೂ ಮಲಗುತ್ತಿದ್ದ, ಒಂದೇ ಕಿಟಕಿಯ, ಗೋಡೆಯಲ್ಲಿ ಕನ್ನಡಿ ಇಡುವ ಗೂಡಿದ್ದ ಚಿಕ್ಕ ಕೋಣೆ. ಅಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ.

“ಹಳದಿ. ಸೂರ್ಯಕಾಂತಿ ಹೂವ ಇರ್ತದಲ್ಲಾ, ಅಷ್ಟ ಹಳದಿ.”

ಅಪ್ಪ ಪೇಟೆಯಿಂದ ಹಳದಿ ಪುಡಿಯ ಪೊಟ್ಟಣ ತಂದ. ಆದರೆ ನನ್ನ ಚಿಂತೆ ನನಗೆ ಬಂದದ್ದು ಅವನಿಂದಲೇ ಇರಬೇಕು. ಬೀಗರು ನೋಡಿ ನಕ್ಕಾರು ಎಂದು ಅರ್ಧ ಪೊಟ್ಟಣವನ್ನಷ್ಟೇ ಸುಣ್ಣಕ್ಕೆ ಬೆರೆಸಿದ. ಹಸಿ ಇದ್ದಾಗ ಗೋಡೆ ಹಳದಿಯಾಗಿಯೇ ಕಂಡಿತು. ನಾನು ಕುಣಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅದು ನೀರು ಹೆಚ್ಚಾದ ಮಜ್ಜಿಗೆ ಸಾರಿನ ಹಾಗೆ ಪೇಲವವಾಗಿತ್ತು. ಸುಣ್ಣದ ಬಣ್ಣ ಹಸಿ ಇದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು ಎಂದು ಅಪ್ಪ ನನಗೆ ತಿಳಿಸಿ ಹೇಳಿದ. ಅಕ್ಕ ಗೋಡೆಯ ಮೇಲೆ ಕೈಯಾಡಿಸಿ, “ಇರಲಿ ಬಿಡಪಾ, ಛಲೋ ಅದ” ಎಂದಳು. ಆದರೆ ನನಗೆ ಚಿಂತೆ ಹತ್ತಿತು. ಅವಳು ಈ ಮನೆಯಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದೂ ಸಿಗದೆ ಹೋದರೆ ಅವಳು ಹುಮನಾಬಾದಿಗೆ ಹೋದವಳು ತಿರುಗಿ ಯಾಕೆ ಬರುತ್ತಾಳೆ?

ಅಂದು ಅಪ್ಪ ಮದುವೆಯ ಸಾಮಾನು ತರಲು ಹೋದ. ಉಳಿದ ಪೊಟ್ಟಣ ಎಲ್ಲಿಟ್ಟಿದ್ದನೋ, ನಾನು ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಮದುಮಗಳನ್ನು ಒಬ್ಬೊಬ್ಬರು ಮನೆಗೆ ಊಟಕ್ಕೆ ಕರೆಯುವುದು ನಮ್ಮಲ್ಲಿ ಪದ್ಧತಿ. ಅಕ್ಕನನ್ನು ಓಣಿಯ ಕೊನೆಯ ಮನೆಯವರು ಕರೆದುಕೊಂಡು ಹೋದರು. ಮನೆಯಲ್ಲಿ ನಾನೊಬ್ಬನೇ. ಕೋಟೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಬಕೆಟ್ಟಿನಲ್ಲಿ ಎರಡನೆಯ ಸಲ ಹಚ್ಚಲು ಕಲಸಿಟ್ಟ ಸುಣ್ಣವಿತ್ತು. ಅಡುಗೆಮನೆಯಲ್ಲಿ ಮದುವೆಗೆಂದು ಕುಟ್ಟಿಟ್ಟ ಹೊಸ ಅರಿಸಿನದ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಸೂರ್ಯಕಾಂತಿಯನ್ನೇ ಪುಡಿ ಮಾಡಿ ತುಂಬಿದ ಹಾಗಿತ್ತು.

ಇಡೀ ಡಬ್ಬಿಯನ್ನು ಬಕೆಟ್ಟಿಗೆ ಸುರಿದು ಕೋಲಿನಿಂದ ತಿರುವಿದೆ. ಕಣ್ಣೆದುರಿಗೇ ಹಳದಿ ಎಲ್ಲ ಕರಗಿ ಬಕೆಟ್ಟು ತುಂಬ ಕೆಂಪಾಯಿತು. ಕೋಲು ಕೆಂಪು, ಕೈ ಕೆಂಪು.

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ಅವತ್ತು ಬೆಳಿಗ್ಗೆಯಷ್ಟೇ ಹೊಸ ಪಾಠ ಕಲಿತಿದ್ದೆನಲ್ಲ, ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು ಅಂತ. ಕೆಂಪು ಒಣಗಿದರೆ ಹಳದಿ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಂಚ ಅದ್ದಿ, ಸ್ಟೂಲಿನ ಮೇಲೆ ಹತ್ತಿ, ಕೈಗೆ ಎಟುಕಿದಷ್ಟೂ ಬಳಿದೆ. ನಾಲ್ಕೂ ಗೋಡೆ ಮುಗಿಸಿ ಹೊಸ್ತಿಲ ಮೇಲೆ ಕೂತು, ಗೋಡೆ ಹಳದಿಯಾಗುವುದನ್ನೇ ಕಾಯುತ್ತ ಇಡೀ ಮಧ್ಯಾಹ್ನ ಕಳೆದೆ. ಅಷ್ಟು ಉದ್ದದ ಮಧ್ಯಾಹ್ನ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಗೋಡೆ ಒಣಗಿತು. ಇಟ್ಟಿಗೆಯ ಕೆಂಪಿನಲ್ಲೇ ಒಣಗಿತು.

ಮೊದಲು ಬಂದವಳು ಅಕ್ಕ. ಬಾಗಿಲಲ್ಲೇ ನಿಂತಳು. ಗೋಡೆ ನೋಡಿದಳು, ನನ್ನ ಕೈ ನೋಡಿದಳು, ಖಾಲಿ ಡಬ್ಬಿ ನೋಡಿದಳು.

“ಆರತಿ ತಟ್ಟ್ಯಾಗಿನ ಕೆಂಪನೀರ ನೋಡಿಲ್ಲೇನೋ ತಮ್ಮಾ ನೀ? ಅರಿಸಿನದಾಗ ಸುಣ್ಣ ಹಾಕೇ ಅಲ್ಲೇನ ಅದನ್ನ ಮಾಡೋದು?”

ನೋಡಿದ್ದೆ. ನೂರು ಸಲ ನೋಡಿದ್ದೆ. ಅದು ಹೇಗೆ ಆಗುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ಊರಿನ ಚಿಂತೆಯೆಲ್ಲ ಮಾಡುವವನು ಅದೊಂದನ್ನು ಬಿಟ್ಟಿದ್ದೆ.

ಅಕ್ಕ ಬೈಯಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದಳು. ಅಪ್ಪ ಬಂದು, ಗೋಡೆ ನೋಡಿ, ಕೈಯಲ್ಲಿದ್ದ ಚೀಲ ಇಳಿಸುವುದನ್ನೂ ಮರೆತು ನಿಂತಾಗ ಅವಳೇ ಮುಂದೆ ಬಂದಳು. ಮದುವೆ ಮನೆಯಲ್ಲಿ ಕುಂಕುಮದ ಬಣ್ಣ ಇದ್ದರೆ ಒಳ್ಳೆಯದೇ, ನಾನೇ ಹಚ್ಚು ಅಂದೆ ಎಂದು ಸುಳ್ಳು ಹೇಳಿದಳು. ಮತ್ತೆ ಸುಣ್ಣ ಕುದಿಸಲು ಸಮಯವೂ ಇರಲಿಲ್ಲ. ಮದುವೆಯ ದಿನ ಬೀಗರ ಕಡೆಯ ಒಬ್ಬ ಮುದುಕ ಒಳಗೆ ಇಣುಕಿ, “ಇದು ಖೋಲಿ ಏನ್ರಿ, ಹನುಮಪ್ಪನ ಗುಡಿ ಏನ್ರಿ? ಚಪ್ಪಲಿ ಬಿಟ್ಟ ಬರಬೇಕೇನು?” ಎಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗುವನ್ನು ಅವನು ಮರೆಯಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಅಕ್ಕ ಹೋದಳು. ಕೆಂಪು ಖೋಲಿಯಲ್ಲಿ ನಾನೊಬ್ಬನೇ ಉಳಿದೆ. ಗೂಡಿನಲ್ಲಿ ಅವಳ ಎಣ್ಣೆಯ ವಾಸನೆ ಇತ್ತು, ಒಂದು ಬಾಗಿದ ಹೇರ್‌ಪಿನ್ ಇತ್ತು. ಶಾಲೆಯಿಂದ ಬಂದರೆ ಬಾಗಿಲಿಗೆ ಬೀಗ. ಅಪ್ಪ ಬಡಿದ ರೊಟ್ಟಿ ಅಂಗೈ ದಪ್ಪ ಇರುತ್ತಿತ್ತು. ಇಬ್ಬರೂ ಎದುರುಬದುರು ಕೂತು ಮಾತಿಲ್ಲದೆ ಅಗಿಯುತ್ತಿದ್ದೆವು. ಅಗಿಯುವುದೇ ಅಷ್ಟು ಕೆಲಸವಾಗಿತ್ತು ಎಂದರೂ ಸರಿಯೇ.

ಹೀಗಿರುವಾಗ ಒಂದು ಬೆಳಿಗ್ಗೆ ಕಿಟಕಿಯ ಪಕ್ಕ ರೊಟ್ಟಿಯಗಲದ ಜಾಗದಲ್ಲಿ ಕೆಂಪು ಇರಲಿಲ್ಲ. ಅಲ್ಲಿ ಹಳದಿ ಇತ್ತು. ಕಣ್ಣುಜ್ಜಿ ನೋಡಿದೆ. ವಾರ ಕಳೆಯುವಷ್ಟರಲ್ಲಿ ಅದು ಗೂಡಿನ ತನಕ ಹರಡಿತ್ತು. ಸುಣ್ಣದ ಖಾರ ದಿನ ಕಳೆದಂತೆ ಇಳಿಯುತ್ತದೆ, ಆಗ ಅರಿಸಿನ ತನ್ನ ಬಣ್ಣಕ್ಕೆ ಮರಳುತ್ತದೆ ಎಂದು ದೊಡ್ಡವನಾದ ಮೇಲೆ ಯಾರೋ ಹೇಳಿದರು. ಆಗ ನನಗೆ ಅದೆಲ್ಲ ಬೇಕಿರಲಿಲ್ಲ. ಗೋಡೆ ನನ್ನ ಮಾತು ಕೇಳಿತ್ತು, ಸ್ವಲ್ಪ ತಡವಾಗಿ ಅಷ್ಟೆ. ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಕ್ಕ ಬಾಗಿಲು ತೆಗೆಯುತ್ತಾಳೆ, ಹಳದಿ ನೋಡುತ್ತಾಳೆ. ಅಪ್ಪನಿಗೂ ಹೇಳದೆ ಈ ಗುಟ್ಟನ್ನು ಮುಚ್ಚಿಟ್ಟುಕೊಂಡೆ. ಅಪ್ಪ ಆ ಖೋಲಿಗೆ ಹೆಜ್ಜೆ ಇಡುವುದನ್ನೇ ಬಿಟ್ಟಿದ್ದ. ಮದುವೆಗೆ ಮನೆಗೆಲ್ಲ ಸುಣ್ಣ ಆಗಿದ್ದರಿಂದ ಈ ಪಂಚಮಿಗೆ ಗಡಿಗೆ ಕುದಿಯುವ ಮಾತೂ ಇರಲಿಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ಶಾಲೆಯಿಂದ ಬಂದೆ. ಬಾಗಿಲಿಗೆ ಬೀಗ ಇರಲಿಲ್ಲ. ಒಳಗಿನಿಂದ ಹಸಿ ಸುಣ್ಣದ ವಾಸನೆ ಬಂತು. ಖೋಲಿ ಬೆಳ್ಳಗಿತ್ತು, ಗೂಡಿನ ಒಳಗೂ. ಅಪ್ಪ ಧೋತರ ಮೇಲಕ್ಕೆ ಕಟ್ಟಿ, ತಲೆಗೂದಲಿನ ತುಂಬ ಸುಣ್ಣದ ಹನಿ ಹೊತ್ತು, ಎಂದೂ ಇಲ್ಲದ ಖುಷಿಯಲ್ಲಿ ನಿಂತಿದ್ದ.

“ಅಕ್ಕ ಬರ್ತಾಳ ನಾಳೆ. ಗ್ವಾಡಿ ಬಣ್ಣಗೆಟ್ಟು ಕಲೆಕಲೆ ಆಗಿತ್ತು, ನಿನ್ನ ಕಾರಭಾರ ಎಲ್ಲಾ ಮುಚ್ಚೀನಿ ನೋಡು. ಹ್ಯಾಂಗ ಆಗ್ಯಾದ?”

ಅವನೂ ಅಕ್ಕನಿಗಾಗಿ ದಿನ ಎಣಿಸುತ್ತಿದ್ದ ಎಂಬುದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಛಲೋ ಆಗ್ಯಾದ ಎಂದೆ.

ಅಕ್ಕ ಬಂದಳು. ನಾನು ಎಲ್ಲವನ್ನೂ ಹೇಳಿದೆ. ಹೌದೇನೋ ಎಂದು ನನ್ನ ತಲೆ ಸವರಿದಳು, ಕನಸು ಹೇಳುವ ಮಗುವಿನ ತಲೆ ಸವರುವ ಹಾಗೆ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಅಪ್ಪನಿಗೆ ಹೇಳಿದಳು, “ನಾಳಿಗಿ ನಮ್ಮ ಮನಿಗಿ ಹೋಗಬೇಕಪಾ.” ನಮ್ಮ ಮನೆ! ಹಾಗಾದರೆ ನಾವು ಕೂತಿದ್ದ ಇದು ಯಾರ ಮನೆ ಎಂದು ನಾನು ಸುತ್ತಲೂ ನೋಡಿದೆ. ಬಿಳಿ ಗೋಡೆ, ಅಷ್ಟೇ ಕಂಡದ್ದು.

ಮಕ್ಕಳೇ, ಅಕ್ಕನ ಆ ಖೋಲಿಯೇ ಈಗ ನನ್ನದು. ಅಜ್ಜನ ಖೋಲಿ ಯಾಕೆ ಯಾವಾಗಲೂ ಬಿಳಿ ಎಂದು ಹೋದ ತಿಂಗಳು ನೀವು ಕೇಳಿದಿರಿ. ಬಿಳಿ ಬಣ್ಣ ತಪ್ಪಾಗುವುದಿಲ್ಲ ಎಂದು ಹೇಳಿ ಜಾರಿಕೊಂಡೆ. ನೀವು ಫೋನಿನಲ್ಲಿ ಗೋಡೆಯ ಫೋಟೋ ತೆಗೆದು, ಬೆರಳು ತಾಗಿಸಿ, ಒಂದು ಖೋಲಿಗೆ ಗಿಳಿ ಹಸಿರು, ಇನ್ನೊಂದಕ್ಕೆ ಬದನೆಕಾಯಿ ಬಣ್ಣ ಹಚ್ಚಿದಿರಿ. ಇಷ್ಟವಾಗದ್ದನ್ನು ಬೆರಳಿನಿಂದಲೇ ಅಳಿಸಿದಿರಿ. ನಾನು ಒಂದೊಂದು ಸಲವೂ ಎದ್ದು ಹೋಗಿ ನಿಜವಾದ ಗೋಡೆ ನೋಡಿ ಬರುತ್ತಿದ್ದೆ, ನಿಮಗೆ ನಗು. ಕೊನೆಗೆ ನನ್ನ ಖೋಲಿಯ ಸರದಿ ಬಂದಾಗ ಬಾಯಿ ತನ್ನಷ್ಟಕ್ಕೇ ಹಳದಿ ಅಂದಿತು. ಪೇಟೆಯ ಅಂಗಡಿಯಲ್ಲಿ ಯಂತ್ರ ಡಬ್ಬಿಯನ್ನು ಗಡಗಡ ಕುಲುಕಿ ಕೊಟ್ಟಿತು. ಇದು ಒಣಗಿದ ಮೇಲೆ ಬೇರೆ ಆಗುವುದಿಲ್ಲವೇ ಎಂದು ನಾನು ಮೂರು ಸಲ ಕೇಳಿದೆ. “ಇಲ್ರಿ ಕಾಕಾ, ಇವತ್ತ ಹ್ಯಾಂಗ ಅದನೋ ಹಂಗ ಇರ್ತದ” ಎಂದ ಅಂಗಡಿಯವನು. ನೀವು ಹುಟ್ಟಿದ ಲೋಕದಲ್ಲಿ ಬಣ್ಣ ಮೊದಲ ದಿನವೇ ಮಾತು ಉಳಿಸಿಕೊಳ್ಳುತ್ತದೆ. ನಂಬಲು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಅಕ್ಕನಿಗೆ ಈಗ ಮೊಣಕಾಲು ನೋವು. ಆದರೂ ಪಂಚಮಿಗೆ ಬರುತ್ತೇನೆ ಎಂದಿದ್ದಾಳೆ, ಹೆಚ್ಚು ದಿನ ಇರಲಾಗದು, ನಮ್ಮ ಮನೆಯಲ್ಲಿ ಕೆಲಸ ಇದೆ ಎಂದೂ ಹೇಳಿದ್ದಾಳೆ. ನಿಮ್ಮಲ್ಲಿ ಒಂದೇ ಕೇಳಿಕೊಳ್ಳುವುದು, ಖೋಲಿಯ ಫೋಟೋವನ್ನು ಅವಳ ಫೋನಿಗೆ ಕಳಿಸಬೇಡಿ. ಬಂದು ಬಾಗಿಲು ತೆಗೆದು ಅವಳೇ ನೋಡಲಿ. ಹಬ್ಬಕ್ಕೆ ಇನ್ನೂ ಹನ್ನೆರಡು ದಿನ ಇದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ಗೋಡೆಯ ಹತ್ತಿರ ಹೋಗಿ, ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡುತ್ತಿದ್ದೇನೆ.