ನಾನು ಬರೆದುಕೊಟ್ಟ ಎರಡು ಪುಟ

ಮೊನ್ನೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗೆ ಕಾದು ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಮೊಬೈಲು ನೋಡಿ ನಗುತ್ತಿದ್ದರು. ‘ಕೃಷಿ... ಕೃಷೀವ... ಕೃಷೀ...’ ಎಂದು ಒಂದು ಗಂಡುದನಿ ತಡವರಿಸುತ್ತಿತ್ತು. ಅದರ ಹಿಂದೆಯೇ ಹಲವರ ನಗು. ಹಳೆಯ ವಿಡಿಯೊ ಹುಡುಕಿ, ತಮಾಷೆಯ ಸಂಗೀತ ಕೂಡಿಸಿ ಹಂಚುತ್ತಾರಲ್ಲ, ಅಂಥದ್ದು. ಆ ದನಿ ನನಗೆ ಗೊತ್ತಿತ್ತು. ಆ ಪದ ಇನ್ನೂ ಚೆನ್ನಾಗಿ ಗೊತ್ತಿತ್ತು, ಬರೆದವನು ನಾನೇ.

ದನಿ ಲಚಮಣ್ಣನದು. ಗೊರೇಬಾಳದಲ್ಲಿ ಕುರಿ ಕಾಯ್ದು ಬೆಳೆದು, ಭತ್ತ ನಾಟಿಯ ಆಳುಗಳಿಗೆ ಮೇಸ್ತ್ರಿಯಾಗಿ, ಪಂಚಾಯಿತಿಗೆ ಗೆದ್ದು, ಕೊನೆಗೆ ನಮ್ಮ ಕಡೆಯಿಂದ ಶಾಸಕನಾದ ಮನುಷ್ಯ. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ನಿಂತು ಮಾತಿಗೆ ತೊಡಗಿದರೆ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ, ಕನ್ನಡ ಅರೆಬರೆ ಬರುವ ಬಂಗಾಲಿ ಮುದುಕಿಯರೂ ಕೆಲಸ ಬಿಟ್ಟು ಕೇಳುತ್ತಿದ್ದರು. “ಮ್ಯಾಲಿನವರು ಉಂಡು ಕೈ ತೊಳಕೊಳ್ಳಾಕತ್ತಾರ, ಕಾಲುವಿ ಕೊನಿಗೆ ಇರೋ ನಮಗ ಕುಡಿಯಾಕ ಇಲ್ಲ” ಎಂದು ಆತ ಅಂದದ್ದು ನನಗಿನ್ನೂ ನೆನಪಿದೆ. ಅಂಥದೊಂದು ಸಾಲು ನನ್ನಿಂದ ಈ ಜನ್ಮದಲ್ಲಿ ಬರೆಯಲಾಗಿಲ್ಲ.

ನಾನಾಗ ಸಿಂಧನೂರಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಕನ್ನಡ ಮಾಸ್ತರರ ಒಂದು ಕಾಯಿಲೆ ನಿಮಗೂ ಗೊತ್ತಿರಬೇಕು: ‘ನೀರು’ ಎಂದರೆ ಸಾಲದು, ‘ಜಲ’ ಎಂದರೇ ನಮಗೆ ದಾಹ ತೀರುವುದು. ಲಚಮಣ್ಣ ಮೊದಲ ಅಧಿವೇಶನಕ್ಕೆ ಹೊರಟಾಗ, ಕೊನೆಭಾಗದ ಹೊಲಗಳಿಗೆ ನೀರು ಬಾರದ ವಿಷಯ ಬರೆದುಕೊಡಲು ನನ್ನನ್ನು ಕೇಳಿದ. ನಾನು ನಾಲ್ಕು ದಿನ ಕೂತು ಎರಡು ಪುಟ ಬರೆದೆ. ಅದರಲ್ಲಿ ರೈತರು ಇರಲಿಲ್ಲ, ಕೃಷೀವಲರಿದ್ದರು. ‘ಜಲವಂಚಿತ ಅಂತಿಮಭಾಗದ ಕೃಷೀವಲರ ಅಸಹನೀಯ ಯಾತನೆ’ ಎಂಬುದು ಮೊದಲ ಸಾಲು. ನನ್ನ ಹೆಂಡತಿಗೆ ಮೂರು ಸಲ ಓದಿ ತೋರಿಸಿದ್ದೆ.

“ಮಾಸ್ತರ್ರ, ಇದು ನನ್ನ ನಾಲಿಗ್ಗೆ ಹೊಳ್ಳವಲ್ದು. ರೈತರು ಅಂತ ಬರದ್ರ ಆಗೂದಿಲ್ಲೇನ್ರಿ?” ಅಂದ ಲಚಮಣ್ಣ.

“ಅದು ವಿಧಾನಸೌಧರೀ, ಗೊರೇಬಾಳದ ಕಟ್ಟಿ ಅಲ್ಲ” ಅಂದೆ ನಾನು. ಆತ ಹಾಳೆಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

ಮುಂದಿನದನ್ನು ನಾನು ಸಂಜೆ ಸಿಂಧನೂರಿನ ಹೋಟೆಲಿನ ಟಿವಿಯಲ್ಲಿ ನೋಡಿದೆ. ಆ ಪದದ ಹತ್ತಿರ ಆತನ ನಾಲಿಗೆ ನಿಂತಿತು. ಮತ್ತೆ ಮೊದಲಿನಿಂದ ಓದಿದ, ಮತ್ತೆ ಅಲ್ಲೇ ನಿಂತಿತು. ಯಾರೋ “ಅರ್ಥ ಹೇಳ್ರೀ” ಎಂದು ಕೂಗಿದರು. ಸದನ ನಕ್ಕಿತು. ಲಚಮಣ್ಣ ಟವೆಲಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟ. ನೀರಿನ ಮಾತು ಅಲ್ಲಿಗೇ ಮುಗಿಯಿತು.

ಹೋಟೆಲಿನಲ್ಲೂ ನಕ್ಕರು. ಜವಳಗೇರಾದ ಆಚೆ, ಉಪಕಾಲುವೆಯ ಕೊನೆಗೆ ಹೊಲವಿದ್ದ ನನ್ನ ಗೆಳೆಯ ರುದ್ರಪ್ಪ ನನ್ನ ಕಡೆ ತಿರುಗಿ, “ಮಾಸ್ತರ್ರ, ಇದನ್ನ ಯಾರು ಬರದುಕೊಟ್ಟಾರ್ರೀ?” ಎಂದು ಕೇಳಿದ.

ನಾನು ಹೇಳಿದ ಮಾತನ್ನು ಈಗ ಬರೆಯಲು ಕೈ ಹಿಂಜರಿಯುತ್ತಿದೆ. “ಯಾರು ಬರದ್ರೇನಪಾ, ಕನ್ನಡ ಓದಾಕ ಬರದವನ್ನ ಆರಿಸಿ ಕಳಿಸೀವಿ, ಅನುಭವಿಸೂಣು” ಅಂದೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಂದಿನಿಂದ ಆತನಿಗೆ ‘ತೊದಲು ಎಮ್ಮೆಲ್ಲೆ’ ಎಂಬ ಹೆಸರಾಯಿತು. ಸದನದಲ್ಲಿ ಆತ ಮತ್ತೆ ಎದ್ದು ನಿಲ್ಲಲಿಲ್ಲ. ಬುತ್ತಿ ಕಟ್ಟಿಕೊಂಡು ಕಾಲುವೆಯ ಗೇಟಿನ ಹತ್ತಿರ ಹಗಲೆಲ್ಲ ಕಾವಲು ಕೂತು ಒಂದು ಬೆಳೆಗೆ ಕೊನೆಯ ಹೊಲದವರೆಗೂ ನೀರು ಹರಿಸಿದ. ಅದನ್ನು ಯಾವ ಟಿವಿಯೂ ತೋರಿಸಲಿಲ್ಲ. ಮುಂದಿನ ಚುನಾವಣೆಯಲ್ಲಿ ಎದುರಾಳಿಯ ಜೀಪು ಆ ತೊದಲನ್ನೇ ಧ್ವನಿವರ್ಧಕಕ್ಕೆ ಹಾಕಿ ಊರೂರು ತಿರುಗಿತು. ಲಚಮಣ್ಣ ಸೋತ. ಬರೆದವರು ಯಾರೆಂದು ಎಲ್ಲೂ ಬಾಯಿ ಬಿಡಲಿಲ್ಲ. ನಾನು ಪರೀಕ್ಷೆ, ಪೇಪರು ಎಂದು ನೆಪ ಹೇಳಿ ಆತನ ಮನೆಯ ದಾರಿ ಬಿಟ್ಟೆ.

ಮೊನ್ನೆಯ ಬಸ್ಸು ಮಸ್ಕಿಯಲ್ಲಿ ನಿಂತಾಗ ಟಿಕೀಟು ಸಿಂಧನೂರಿನದಿದ್ದರೂ ಇಳಿದುಬಿಟ್ಟೆ. ಲಚಮಣ್ಣ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾನೆ. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವನು ಎದ್ದು, “ಬರ್ರಿ ಬರ್ರಿ” ಎಂದು ತನ್ನ ಚಾಪೆಯನ್ನೇ ಸರಿಸಿದ.

“ಅವತ್ತು ಕಾಗದ ಬಿಟ್ಟು ನಿಮ್ಮ ಮಾತಿನ್ಯಾಗ ಹೇಳಬೇಕಿತ್ರೀ” ಅಂದೆ.

“ಹೇಳಾಕ ಬರ್ತಿತ್ರೀ. ಆದ್ರ ನೀವು ಟಿವಿ ಮುಂದ ಕುಂತಿರ್ತೀರಿ, ಬರದದ್ದು ಓದಲಿಲ್ಲಂದ್ರ ಮನಸ್ಸಿಗೆ ಹಚ್ಚಿಕೊಳ್ತೀರಿ ಅಂತ ಅದನ್ನ ಹಿಡಕೊಂಡು ಕುಂತೆ.”

ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಹೋಟೆಲಿನಲ್ಲಿ ನಾನು ಆಡಿದ ಮಾತನ್ನೂ, ನಕ್ಕದ್ದನ್ನೂ ಹೇಳಿದೆ. ಆತನ ಕೈ ಮೆಣಸಿನಕಾಯಿಯ ಮೇಲೆ ನಿಂತಿತು.

“ಇದು ನನಗ ಗೊತ್ತಿರಲಿಲ್ಲ ನೋಡ್ರಿ” ಅಂದ. ಬಿಡಿಸಿದ ತೊಟ್ಟುಗಳನ್ನು ಒಂದು ಕಡೆ ಗುಡ್ಡೆ ಮಾಡಿ, “ಚಾ ಕುಡದು ಹೋಗ್ರಿ. ಈಗ ಸಿಂಧನೂರು ಬಸ್ ಐತಿ” ಅಂದ. ಕಳಿಸಲು ಬೀದಿಯವರೆಗೆ ಬರಲಿಲ್ಲ.

ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಭಾರವನ್ನು ಆತನ ಅಂಗಳದಲ್ಲಿ ಇಳಿಸಿ ಬಂದಂತಾಗಿತ್ತು. ಹಾಗಾಗಿ ಇವತ್ತು ಬೆಳಿಗ್ಗೆ ಅದೇ ಹೋಟೆಲಿಗೆ ಹೋದೆ. ಹಳಬರಲ್ಲಿ ನಾಲ್ವರಿದ್ದರು, ರುದ್ರಪ್ಪನೂ ಇದ್ದ. “ಲಚಮಣ್ಣಗ ಆ ಭಾಷಣ ಬರದುಕೊಟ್ಟಾಂವ ನಾನು. ಸುಲಭ ಮಾಡ್ರಿ ಅಂದಿದ್ದ, ನಾನ ಕೇಳಲಿಲ್ಲ” ಅಂದೆ. ಬೇರೆಯವರು, “ಬಿಡ್ರಿ ಮಾಸ್ತರ್ರ, ಯಾವ ಕಾಲದ್ದು” ಅಂದರು.

ರುದ್ರಪ್ಪ ಮಾತ್ರ ನನ್ನನ್ನೇ ನೋಡಿದ. “ನೀವು ಓದಿದವರು ಅಂತ ನಿಮ್ಮ ಮಾತು ನಂಬಿದ್ದೆ. ನನ್ನ ಹೊಲಕ್ಕ ನೀರು ತಂದಾಂವ ಆತ. ಆ ಸಲ ಆತಗ ಓಟು ಹಾಕಲಿಲ್ರೀ ನಾನು” ಅಂದ.

ಆಮೇಲೆ ತನ್ನ ಚಹದ ಲೋಟ ಎತ್ತಿಕೊಂಡು ಹೋಗಿ ಇನ್ನೊಂದು ಮೇಜಿಗೆ ಕೂತ. ನಾನು ಎದ್ದು ಹೋಗಲಿಲ್ಲ, ಕೂತೇ ಇದ್ದೆ.