ಎಂಟು ದಿನಕ್ಕೆಂದು ಕೂರಿಸಿದ ಗಾಜು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಿಂಗರಾಜು ಅವರಿಗೆ ಒಬ್ಬ ಬಡಗಿಯ ಫೋನ್ ನಂಬರ್ ಬೇಕಾಯಿತು. ಮೊಬೈಲ್ ಜೇಬಿನಲ್ಲೇ ಇತ್ತು. ಆದರೂ ಅವರು ಕುರ್ಚಿಯಿಂದ ಎದ್ದು, ಅಂಗಡಿಯ ಹಿಂಗೋಡೆಗೆ ಒರಗಿಸಿಟ್ಟ ಏಳಡಿ ಎತ್ತರದ ಗಾಜಿನ ಮುಂದೆ ಹೋಗಿ ನಿಂತರು. ಅದರ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಬರೆದ ಮೂವತ್ತು ನಲವತ್ತು ನಂಬರುಗಳಿದ್ದವು. ಬಡಗಿಗಳು, ಲಗೇಜ್ ಆಟೊದವರು, ಗ್ಯಾಸ್ ಏಜೆನ್ಸಿ, ಹೆಂಡತಿಯ ತಮ್ಮ. ನಡುವೆ ಎಲ್ಲೋ ‘ಹರಿಹರ ಅಕ್ಕ’ ಎಂದೂ ಒಂದು. ಬಲಗಡೆ ಕೆಳಮೂಲೆಯಲ್ಲಿ ಉಗುರಿನಷ್ಟು ಅಗಲದ ಮಬ್ಬು ಮುದ್ರೆಯೊಂದಿತ್ತು. ಅದೊಂದನ್ನು ಮಾತ್ರ ನಿಂಗರಾಜು ಬರೆದಿರಲಿಲ್ಲ. ಅದು ಕಾರ್ಖಾನೆಯ ಮುದ್ರೆ.

“ಇದು ನಮ್ಮ ಅಂಗಡಿ ಡೈರೆಕ್ಟರಿ,” ಎಂದು ಅವರು ಹೊಸ ಗಿರಾಕಿಗಳಿಗೆ ಹೇಳುವುದುಂಟು. “ಹರಿಹರದಾಗೆ ಒಂದು ಬಾಗಿಲಾಗಬೇಕಿತ್ತು. ಎರಡು ವರ್ಷದಿಂದ ಇಲ್ಲೇ ನಿಂತೈತೆ. ನನಗಿಂತ ಅದಕ್ಕೇ ತಾಳ್ಮೆ ಜಾಸ್ತಿ.”

ನಿಂಗರಾಜು ಅವರಿಗೆ ಐವತ್ಮೂರು ವರ್ಷ. ದಾವಣಗೆರೆಯ ಮಂಡಿಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅವರ ಗಾಜಿನ ಅಂಗಡಿ. ಹುಟ್ಟಿದ್ದು ಆನಗೋಡಿನ ರೈತರ ಮನೆಯಲ್ಲಿ. ಹದಿನೇಳನೇ ವಯಸ್ಸಿಗೆ, ಮೆಕ್ಕೆಜೋಳ ಮುರಿಯುವುದಕ್ಕಿಂತ ನೆರಳಿನ ಕೆಲಸ ವಾಸಿ ಎಂದುಕೊಂಡು, ದೇವರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಸೇರಿದರು. ಮೊದಲ ವಾರ ಅವರು ಒಡೆದ ಗಾಜಿನಲ್ಲಿ ಹನ್ನೆರಡು ದೇವರುಗಳಿಗೆ ಸಾಕಾಗುವಷ್ಟಿತ್ತಂತೆ. ಈಗ ಸ್ವಂತ ಅಂಗಡಿಯಿದೆ, ಆವರಗೆರೆಯಲ್ಲಿ ಸ್ವಂತ ಮನೆಯಿದೆ. ಆ ಮನೆಯ ಬಚ್ಚಲ ಕಿಟಕಿಗೆ ಇವತ್ತಿಗೂ ರಟ್ಟು. ಕೇಳಿದರೆ, “ಗಾಜಿನೋರಿಗೆ ಹೇಳೀನಿ, ಬರ್ತೀನಿ ಅಂದಾರೆ,” ಎನ್ನುತ್ತಾರೆ.

ಹಿಂಗೋಡೆಯ ಗಾಜಿನ ಕಥೆ ಹೀಗೆ. ಎರಡು ವರ್ಷದ ಹಿಂದೆ ಹರಿಹರದಲ್ಲಿ ಹಜೀರಾಬೀ ಎಂಬುವರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರವನ್ನು ಹೊಸ ಮಳಿಗೆಗೆ ಸಾಗಿಸಿದರು. ಬಾಗಿಲು ಪೂರ್ತಿ ಗಾಜಿನದೇ ಆಗಬೇಕು ಎಂದು ಹಟ ಹಿಡಿದರು. ಕಲಿಯಲು ಬರುವವರ ಅಪ್ಪಂದಿರು, ಗಂಡಂದಿರು ರಸ್ತೆಯಲ್ಲೇ ನಿಂತು ಒಳಗೆ ನೋಡಿಕೊಂಡು ಹೋಗಲಿ, ಪದೇ ಪದೇ ಬಾಗಿಲು ತಟ್ಟುವುದು ಬೇಡ ಎಂಬುದು ಅವರ ಲೆಕ್ಕ.

ಇಂಥ ಬಾಗಿಲಿಗೆ ಹಾಕಬೇಕಾದದ್ದು ಟಫನ್ ಗಾಜು. ಕುಲುಮೆಯಲ್ಲಿ ಕಾಯಿಸಿ, ಒಮ್ಮೆಲೇ ಗಾಳಿ ಊದಿ ತಣಿಸಿದ ಗಾಜು ಅದು. ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರುತ್ತದೆ. ಸಾದಾ ಗಾಜು ಒಡೆದರೆ ಕತ್ತಿಯಂಥ ಚೂರುಗಳಾಗುತ್ತವೆ. ಆದರೆ ಟಫನ್ ಗಾಜನ್ನು ಒಮ್ಮೆ ಕಾಯಿಸಿದ ಮೇಲೆ ಕತ್ತರಿಸುವ ಹಾಗಿಲ್ಲ, ಕೊರೆಯುವ ಹಾಗಿಲ್ಲ. ಅಳತೆ ಮೊದಲೇ ಸರಿಯಿರಬೇಕು.

ನಿಂಗರಾಜು ಅಳತೆ ತೆಗೆದುಕೊಂಡ ದಿನ ಮಳಿಗೆಯ ಹೊಸ್ತಿಲಿಗೆ ಗ್ರಾನೈಟ್ ಹಾಕಿರಲಿಲ್ಲ. ಹಾಕಿದ ಮೇಲೆ ಗಾಜು ಅರ್ಧ ಇಂಚು ಹೆಚ್ಚಾಯಿತು. ಪ್ರಾರಂಭೋತ್ಸವ ಮಾರನೆಯ ದಿನ. ಇಪ್ಪತ್ತು ವರ್ಷದಿಂದ ಅವರ ಜೊತೆ ಗಾಜು ಕೊಯ್ಯುತ್ತಿರುವ ಅಮ್ಜದ್, “ಅಣ್ಣಾ, ಟಫನ್ ಐತೆ, ಮುಟ್ಟಬ್ಯಾಡ,” ಎಂದರು. “ಅರ್ಧ ಇಂಚು ತಾನೇ, ಸವರಿದಂಗೆ ಮಾಡಿದ್ರಾಯ್ತು,” ಎಂದು ನಿಂಗರಾಜು ಗ್ರೈಂಡರ್ ಹಚ್ಚಿದರು. ಬಾಗಿಲು ಪೂರ್ತಿ ಕಲ್ಲುಸಕ್ಕರೆಯಾಗಿ ಅವರ ಚಪ್ಪಲಿ ಮುಚ್ಚಿತು. ಮೂವತ್ತು ವರ್ಷದ ಅನುಭವಕ್ಕೆ ಎರಡು ಸೆಕೆಂಡ್ ಸಾಕಾಯಿತು ಎಂದು ಅವರು ಈಗ ಹೇಳುತ್ತಾರೆ.

ಆ ರಾತ್ರಿಯೇ ಅಷ್ಟೇ ದಪ್ಪದ ಸಾದಾ ಗಾಜನ್ನು ಕತ್ತರಿಸಿ ಕೂರಿಸಿದರು. ಎಂಟು ದಿನದಲ್ಲಿ ಬೆಂಗಳೂರಿನಿಂದ ಸರಿಯಾದ್ದು ಬರುತ್ತದೆ, ಆಗ ಬದಲಾಯಿಸಿದರಾಯಿತು, ಹಜೀರಾಬೀಯವರಿಗೂ ಆಗಲೇ ಹೇಳಿದರಾಯಿತು ಎಂದುಕೊಂಡರು. ಒಂಬತ್ತನೇ ದಿನ ಗಾಜು ಬಂತು. ಆ ವಾರ ಅಮ್ಜದ್ ಅವರ ತಂಗಿಯ ಮದುವೆ. ಮುಂದಿನ ವಾರ ಕೇಂದ್ರದಲ್ಲಿ ಪರೀಕ್ಷೆ. ಆಮೇಲೆ ದೀಪಾವಳಿ. ಆಮೇಲೆ ಯಾರೋ ಒಬ್ಬ ಆಟೊದವನು ನಂಬರ್ ಹೇಳುವಾಗ ಕೈಗೆ ಕಾಗದ ಸಿಗಲಿಲ್ಲ.

ಇಷ್ಟೇ ಆಗಿದ್ದರೆ ಆ ಗಾಜು ಇನ್ನೂ ಎರಡು ವರ್ಷ ಡೈರೆಕ್ಟರಿಯಾಗಿಯೇ ಇರುತ್ತಿತ್ತೇನೋ. ಆದರೆ ಹದಿನೈದು ದಿನದ ಹಿಂದೆ ನಿಂಗರಾಜು ಬೆಂಗಳೂರಿನಲ್ಲಿ ಗಾಜು ಉದ್ಯಮದ ವಸ್ತುಪ್ರದರ್ಶನಕ್ಕೆ ಹೋಗಿ ಬಂದರು.

ಪ್ರವೇಶದ ಅರ್ಜಿಯನ್ನು ಮೊಬೈಲಿನಲ್ಲಿ ತುಂಬಿದ್ದು ಅಮ್ಜದ್. ಹುದ್ದೆ ಏನು ಎಂದು ಕೇಳಿದ ಜಾಗದಲ್ಲಿ ಮೂರು ಆಯ್ಕೆಗಳಿದ್ದವು. ಅಂಗಡಿಯವ ಎಂಬುದು ಅದರಲ್ಲಿ ಇರಲಿಲ್ಲ. ಹಾಗಾಗಿ ನಿಂಗರಾಜು ಅವರ ಕೊರಳಿಗೆ ‘ಮ್ಯಾನೇಜಿಂಗ್ ಡೈರೆಕ್ಟರ್’ ಎಂಬ ಬ್ಯಾಡ್ಜ್ ಬಿತ್ತು. ಮಧ್ಯಾಹ್ನದೊಳಗೆ ಮ್ಯಾನೇಜಿಂಗ್ ಡೈರೆಕ್ಟರು ಹನ್ನೊಂದು ಬಟ್ಟೆಚೀಲ, ಆರು ಟೇಪು, ಎಣಿಸಲಾಗದಷ್ಟು ಪೆನ್ನು ಸಂಪಾದಿಸಿದ್ದರು. ಗುಂಡಿ ಒತ್ತಿದರೆ ಬಿಳುಚುವ ಗಾಜು ನೋಡಿದರು. ತಾನೇ ತೊಳೆದುಕೊಳ್ಳುತ್ತದೆ ಎಂಬ ಗಾಜು ನೋಡಿ, “ನಮ್ಮನೇಲಿ ತಟ್ಟೆ ಹಿಂಗಿದ್ರೆ ಸಾಕಿತ್ತು,” ಎಂದರು. ಮಾರುವ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ನಕ್ಕು ಇನ್ನೊಂದು ಚೀಲ ಕೊಟ್ಟಳು.

ಹನ್ನೆರಡನೆಯ ಚೀಲ ಹಿಡಿದು ತಿರುಗಿದವರು ಪಕ್ಕದ ಮಳಿಗೆಯ ಗಾಜಿನ ಗೋಡೆಗೆ ನೇರವಾಗಿ ಹಣೆ ಹೊಡೆದುಕೊಂಡರು.

“ಸದ್ದಿಗೆ ನಾಲ್ಕು ಅಂಗಡಿಯೋರು ಓಡಿ ಬಂದ್ರು. ನನಗೇನಾಯ್ತು ಅಂತ ಅಲ್ಲ, ಗಾಜಿಗೇನಾಯ್ತು ಅಂತ,” ಎಂಬುದು ಅವರ ವರದಿ. ಹೊಸ ಗಾಜು ಕೂರಿಸಿದೊಡನೆ ಅದರ ಮೇಲೆ ಸುಣ್ಣದಲ್ಲಿ ಒಂದು ಅಡ್ಡಗೀಟು ಎಳೆಯುವುದು ಈ ಕಸುಬಿನ ರೂಢಿ; ಇಲ್ಲಿ ಗಾಜಿದೆ ಎಂದು ಕಣ್ಣಿಗೆ ತಿಳಿಯಲಿ ಎಂದು. ಅಂಥ ಗೀಟುಗಳನ್ನು ಸಾವಿರಗಟ್ಟಲೆ ಎಳೆದ ಮನುಷ್ಯ ಗೀಟಿಲ್ಲದ ಗಾಜಿಗೆ ಸಿಕ್ಕಿಬಿದ್ದಿದ್ದರು.

ಗಾಜಿನ ವ್ಯಾಪಾರಿಗಳ ಮಾಸಪತ್ರಿಕೆಯೊಂದರ ವರದಿಗಾರ್ತಿ ಅಲ್ಲೇ ಇದ್ದರು. ಹಣೆಗೆ ಐಸ್ ಹಿಡಿದು ಕುಳಿತ ಮ್ಯಾನೇಜಿಂಗ್ ಡೈರೆಕ್ಟರನ್ನು ನೋಡಿ, ಉದ್ಯಮದ ಸಮಸ್ಯೆಗಳ ಬಗ್ಗೆ ಎರಡು ಮಾತು ಹೇಳುತ್ತೀರಾ ಎಂದು ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಮೈಕ್ ಚಾಚಿದರು.

ನಿಂಗರಾಜು ಹೇಳಿದರು. ಲಾರಿಯಲ್ಲಿ ಒಡೆದ ಗಾಜಿಗೆ ಲಾರಿಯವನೂ ಕಂಪನಿಯವನೂ ಹೊಣೆಯಲ್ಲ, ಕೊನೆಗೆ ಅಂಗಡಿಯವನೇ ಹೊಣೆ ಎಂದರು. ಗಾಜು ಕೊಯ್ಯುವವರ ಬೆರಳಿಗೆ ವಿಮೆಯಿಲ್ಲ, ಒಡೆದ ಚೂರುಗಳನ್ನು ಯಾವ ಕಸದ ಗಾಡಿಯೂ ಒಯ್ಯುವುದಿಲ್ಲ ಎಂದರು. ಸಣ್ಣ ಊರಿನವರಿಗೆ ಕುಲುಮೆ ದೂರ, ಮುಹೂರ್ತ ಹತ್ತಿರ ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. ನಿಂಗರಾಜು ದನಿ ಏರಿಸಿದರು: “ಓಡಾಡೋ ಬಾಗಿಲಿಗೆ ಸಾದಾ ಗಾಜು ಹಾಕೋನು ಅಂಗಡಿ ಮುಚ್ಚಿ ಮನೆಗೆ ಹೋಗಬೇಕು. ಗಿರಾಕಿಗಳೂ ಕಣ್ಣು ಬಿಡಬೇಕು. ಬಾಗಿಲಿನ ಮೂಲೇಲಿ ಕಾರ್ಖಾನೆ ಮುದ್ರೆ ಐತೋ ಇಲ್ಲೋ ನೋಡ್ರಿ. ಮುದ್ರೆ ಇಲ್ಲ ಅಂದ್ರೆ, ನಿಮಗೆ ಹಾಕಿದೋನು ಮೋಸಗಾರ!”

ಜನ ಚಪ್ಪಾಳೆ ತಟ್ಟಿದರು. “ಬಾಯಿ ನಂದೇ, ಮಾತು ಬ್ಯಾಡ್ಜಿಂದು,” ಎನ್ನುತ್ತಾರೆ ಈಗ. ಹರಿಹರದ ಬಾಗಿಲು ಅವರಿಗೆ ನೆನಪಾದದ್ದು ಊರಿಗೆ ಮರಳುವ ರೈಲಿನಲ್ಲಿ, ಚಿಕ್ಕಜಾಜೂರು ದಾಟಿದ ಮೇಲೆ.

ಒಂದು ನಿಮಿಷ ನಲವತ್ತು ಸೆಕೆಂಡಿನ ಆ ವಿಡಿಯೊ ಒಂದೇ ವಾರದಲ್ಲಿ ದಾವಣಗೆರೆಯ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿತು. ಅವರ ಹೆಂಡತಿ ಓಬವ್ವ ಅದನ್ನು ಪೂರ್ತಿ ನೋಡಿ, “ಮಾತೇನೋ ಚೆನ್ನಾಗೈತ್ರಿ. ಹಣೆ ಮ್ಯಾಲಿನ ಬುಗುಟೆ ನಿಮಗಿಂತ ಚೆನ್ನಾಗಿ ಬಂದೈತೆ,” ಎಂದರು.

ಸೋಮವಾರ ಬೆಳಿಗ್ಗೆ ಬಡಗಿಯ ನಂಬರನ್ನು ಗಾಜಿನಿಂದ ಓದಿಕೊಳ್ಳುತ್ತಿರುವಾಗ ಮೊಬೈಲ್ ಬಡಿದುಕೊಂಡಿತು. ಹಜೀರಾಬೀ.

“ನಿಂಗರಾಜಣ್ಣಾ, ನಿಮ್ಮ ವಿಡಿಯೊ ನೋಡಿದ್ವಿ. ನಮ್ಮ ಹುಡುಗೇರಿಗೆಲ್ಲ ಎರಡೆರಡು ಸಲ ತೋರಿಸೀನಿ.”

“ಅಯ್ಯೋ ಅಕ್ಕಾ, ಅದೇನು ನೋಡೋದು, ಬಿಡ್ರಿ.”

“ಯಾಕ ಬಿಡಬೇಕು? ಶನಿವಾರ ನಮ್ಮಲ್ಲಿ ಸರ್ಟಿಫಿಕೇಟ್ ಕೊಡೋ ಕಾರ್ಯಕ್ರಮ ಐತೆ. ನೀವೇ ಮುಖ್ಯ ಅತಿಥಿ. ಗಾಜಿನ ಬಗ್ಗೆ ಐದು ನಿಮಿಷ ಮಾತಾಡ್ರಿ.”

“ಹೊಲಿಗೆ ಕಾರ್ಯಕ್ರಮದಾಗೆ ಗಾಜಿನ ಮಾತ್ಯಾಕ್ರಿ ಅಕ್ಕಾ?”

“ಬಾಗಿಲ ಪಕ್ಕಾನೇ ಮೈಕ್ ಇಡಿಸ್ತೀನಿ. ನೀವು ಹಾಕಿದ ಬಾಗಿಲೇ ಐತಲ್ಲ, ತೋರಿಸಿ ತೋರಿಸಿ ಹೇಳಬಹುದು. ಎಲ್ಲರೂ ಮಕ್ಕಳು ಮರಿ ಕರಕೊಂಡು ಬರ್ತಾರೆ.”

ಫೋನ್ ಇಟ್ಟ ಮೇಲೆ ಅಮ್ಜದ್ ಒಂದು ದಾರಿ ಹೇಳಿದರು. “ಶುಕ್ರವಾರ ಹೋಗಾಣ. ಬಾಗಿಲಿಗೆ ಸರ್ವಿಸ್ ಮಾಡಬೇಕು ಅನ್ನಾಣ. ಅದನ್ನ ಬಿಚ್ಚಿ ಇದನ್ನ ಕೂರಿಸಿ ಬಂದ್ರೆ ಯಾರಿಗೆ ಗೊತ್ತಾಗತೈತೆ?”

ನಿಂಗರಾಜು ಅವರಿಗೆ ಇದು ಬಹಳ ಹಿಡಿಸಿತು. ಎರಡು ದಿನ ಸರಿಯಾಗಿ ಊಟ ಮಾಡಿದರು. ಶನಿವಾರದ ಭಾಷಣಕ್ಕೆ ಟಿಪ್ಪಣಿಯನ್ನೂ ಬರೆದರು. ಅದರ ಮೊದಲ ಶಬ್ದ ‘ಪ್ರಾಮಾಣಿಕತೆ’. ಗುರುವಾರ ಮಧ್ಯಾಹ್ನ, ಈ ಸಲವಾದರೂ ಅಳತೆ ತಪ್ಪಬಾರದೆಂದು, ಬೆಂಗಳೂರಿನ ಆರು ಟೇಪುಗಳಲ್ಲಿ ಒಂದನ್ನು ಹಿಡಿದು ಬೈಕಿನಲ್ಲಿ ಹರಿಹರಕ್ಕೆ ಹೋದರು.

ಕೇಂದ್ರದ ಬಾಗಿಲಿನ ಗಾಜಿನ ಮೇಲೆ, ಎದೆಯೆತ್ತರಕ್ಕೆ, ದರ್ಜಿಗಳ ನೀಲಿ ಸೀಮೆಸುಣ್ಣದಲ್ಲಿ ದೊಡ್ಡದೊಂದು ಅಡ್ಡಗೀಟು ಎಳೆದಿತ್ತು. ಅದರ ಕೆಳಗೆ, ಮಕ್ಕಳ ಎತ್ತರಕ್ಕೆ, ಇನ್ನೊಂದು. ಒಳಗಿನಿಂದ ಬಾಗಿಲಿಗೆ ಅಡ್ಡವಾಗಿ ಒಂದು ಬೆಂಚು ಹಾಕಿತ್ತು. ಎಲ್ಲರೂ ಪಕ್ಕದ ಸಣ್ಣ ಬಾಗಿಲಿನಿಂದ ಓಡಾಡುತ್ತಿದ್ದರು.

ಹಜೀರಾಬೀ ಕತ್ತರಿ ಹಿಡಿದೇ ಎದ್ದು, ಆ ಸಣ್ಣ ಬಾಗಿಲಿನಿಂದ ಹೊರಗೆ ಬಂದರು. “ಏನಣ್ಣಾ, ಎರಡು ದಿನ ಮುಂಚೇನೇ ಬಂದ್ರಿ?”

“ಏನಿಲ್ಲ ಅಕ್ಕಾ. ನಾಳೆ ಬಾಗಿಲಿಗೊಂದು ಸರ್ವಿಸ್ ಮಾಡಾಣ ಅಂತ. ಒಂದೀಟು ಅಳತೆ...”

ಅಷ್ಟರಲ್ಲಿ ಕಲಿಯಲು ಬಂದಿದ್ದವರೊಬ್ಬರ ಮಗಳು, ನಾಲ್ಕು ವರ್ಷದವಳಿರಬೇಕು, ಹೊಸ ಮನುಷ್ಯನನ್ನು ನೋಡಲು ಗಾಜಿನ ಕಡೆ ಓಡಿ ಬಂದಳು. ಬೆಂಚಿಗೆ ತಡೆದು ನಿಂತಳು. ಬೆಂಚಿನ ಮೇಲೆ ಎರಡೂ ಕೈಯೂರಿ, ಗಾಜಿನಿಂದ ಒಂದು ಗೇಣು ದೂರದಲ್ಲಿ, ನಿಂಗರಾಜು ಅವರ ಹಣೆಯನ್ನೇ ನೋಡತೊಡಗಿದಳು. ಬುಗುಟೆ ಇಳಿದಿತ್ತು, ಕಪ್ಪು ಮಾತ್ರ ಉಳಿದಿತ್ತು.

ಟೇಪನ್ನು ಜೇಬಿಗೆ ಹಾಕಿಕೊಂಡು ನಿಂಗರಾಜು ಹೇಳಿದರು: “ಅಕ್ಕಾ, ಸರ್ವಿಸ್ ಅಲ್ಲ. ಇದು ಟಫನ್ ಗಾಜಲ್ಲ, ಸಾದಾ ಗಾಜು. ಎಂಟು ದಿನಕ್ಕೆ ಅಂತ ಹಾಕಿದ್ದೆ. ಸರಿಯಾದ್ದು ನಮ್ಮ ಅಂಗಡೀಲೇ ಐತೆ.”

“ಗೊತ್ತೈತೆ,” ಎಂದರು ಹಜೀರಾಬೀ.

“ಹೆಂಗೆ?”

“ನೀವೇ ಹೇಳಿದ್ರಲ್ಲ, ಮೂಲೇಲಿ ಮುದ್ರೆ ನೋಡ್ರಿ ಅಂತ. ವಿಡಿಯೊ ನೋಡಿದ ದಿನಾನೇ ನೋಡಿದೆ. ನಾಲ್ಕೂ ಮೂಲೆ ಒರೆಸಿ ನೋಡಿದೆ. ಅವತ್ತೇ ಬೆಂಚು ಹಾಕಿಸಿದೆ.”

“ಮತ್ತೆ ಮುಖ್ಯ ಅತಿಥಿ ಅಂತ ಕರೆದ್ರಿ?”

“ಕರೀದೇ ಇದ್ರೆ ಬರ್ತಿದ್ರಾ?” ಎಂದ ಹಜೀರಾಬೀ, ಅವರನ್ನು ಒಳಗೆ ಕರೆದುಕೊಂಡು ಹೋಗಿ ಅರ್ಧ ಇಂಚಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟರು. “ಇಲ್ಲಿ ಹುಡುಗೇರು ಬ್ಲೌಸು ಅರ್ಧ ಇಂಚು ಬಿಗಿ ಹೊಲಿದ್ರೆ ಅವತ್ತೇ ಬಿಚ್ಚಿಸ್ತೀನಿ. ಸರಿ ಮಾಡೋ ತನಕ ಮನೆಗೆ ಕಳಿಸಾಕಿಲ್ಲ. ನೀವು ಎರಡು ವರ್ಷ ಮನೇಲೇ ಇದ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹೊಲಿಗೆ ಯಂತ್ರಗಳು ನಿಂತಿದ್ದವು.

“ಶನಿವಾರ ನಾನು ಬರೋದು ಬ್ಯಾಡ ಅಲ್ಲೇನ್ರಿ ಹಂಗಾದ್ರೆ,” ಎಂದರು ನಿಂಗರಾಜು. ಅವರೇ ಒಪ್ಪಿಕೊಳ್ಳುವಂತೆ, ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತು.

“ಬರ್ರಿ. ಕಾರ್ಡು ಅಚ್ಚಾಗೈತೆ. ಬೇರೆ ಭಾಷಣ ಬ್ಯಾಡ, ಈಗ ಹೇಳಿದ್ದನ್ನೇ ಹೇಳ್ರಿ. ಗ್ರೈಂಡರ್ ಹಚ್ಚಿದ್ದು ಬಿಡಬ್ಯಾಡ್ರಿ.”

“ವಿಡಿಯೊ ಮಾಡ್ತಾರೇನ್ರಿ?”

“ಮಾಡಿಸ್ತೀನಿ.”

ನಿಂಗರಾಜು ಅಳತೆ ತೆಗೆದುಕೊಂಡರು. ಒಮ್ಮೆ ಅವರು ಹಿಡಿದರು, ಎರಡನೆಯ ಸಲ ಹಜೀರಾಬೀ ತಮ್ಮ ಹೊಲಿಗೆ ಟೇಪಿನಲ್ಲಿ ಹಿಡಿದರು. ಎರಡೂ ಒಂದೇ ಬಂದವು. ಹಿಂಗೋಡೆಯ ಗಾಜಿಗೂ ಅದೇ ಅಳತೆ.

ಸಂಜೆ ಅಂಗಡಿಯಲ್ಲಿ ಅವರು ಕುರ್ಚಿಯನ್ನು ಗಾಜಿನ ಮುಂದೆ ಎಳೆದುಕೊಂಡು, ನಂಬರುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಬರೆದುಕೊಂಡರು. ಬರೆದದ್ದನ್ನು ಅಮ್ಜದ್ ಥಿನ್ನರ್ ಬಟ್ಟೆಯಲ್ಲಿ ಅಳಿಸುತ್ತ ಬಂದರು. ಏಳು ನಂಬರುಗಳು ಯಾರವೆಂದು ಇಬ್ಬರಿಗೂ ಹೊಳೆಯಲಿಲ್ಲ. ಒಂದಕ್ಕೆ ಫೋನ್ ಮಾಡಿ ನೋಡಿದರು. ಗಾಜಿನ ಇನ್ನೊಂದು ಅಂಗಡಿಯವರು ಎತ್ತಿದರು, ವಿಡಿಯೊ ಬಹಳ ಚೆನ್ನಾಗಿತ್ತು ಎಂದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಲಗೇಜ್ ಆಟೊ ಬರುತ್ತದೆ. ಬಿಚ್ಚಿ ಕೂರಿಸಲು ಮೂರು ತಾಸು ಬೇಕು. ಕಾರ್ಯಕ್ರಮ ಶನಿವಾರ ಹನ್ನೊಂದು ಗಂಟೆಗೆ. ಮುಖ್ಯ ಅತಿಥಿಯ ಮಾತು ಸ್ವಾಗತ ಭಾಷಣದ ನಂತರ.